ಕೂದಲ ಬಣ್ಣ ಏಕೆ ಬಾಳದು?

ಮನುಷ್ಯನು ತನ್ನ ಕೂದಲಿಗೆ ಬಣ್ಣ ಹಚ್ಚತೊಡಗಿದುದು ಇಂದು ನಿನ್ನೆಯಲ್ಲ. ಮದರಂಗಿಯ ಎಲೆಯನ್ನು ಅರೆದು ತಲೆಗೆ ಮೆತ್ತುವ ಪದ್ಧತಿ ಬಹು ಪ್ರಾಚೀನವಾದುದು. ಹೊಸದೇನೆಂದರೆ, ನರೆಯನ್ನು ಮರೆಸಲೆಂದು ಹಿರಿಯರು ಹಚ್ಚುತ್ತಿದ್ದ ಬಣ್ಣವನ್ನು ಈಗ ನರೆಯೇ ಮೂಡದ ತರುಣ ತರುಣಿಯರೂ ಅಲಂಕಾರಕ್ಕಾಗಿ ಹಚ್ಚಿಸಿಕೊಳ್ಳುತ್ತಿದ್ದಾರೆ. ಕಾಲೇಜಿನ ಯಾವ ತರಗತಿಯಲ್ಲಿ ನೋಡಿದರೂ ಕಂದು, ಕೆಂಪು, ನೀಲಿಗಳ ಒಂದೆರಡು ತಲೆಗಳು ಕಾಣಸಿಗುತ್ತವೆ. ಹೀಗೆ ಬಣ್ಣ ಹಾಕಿಸಿಕೊಂಡವರೆಲ್ಲರ ದೂರು ಒಂದೇ. ಸಲೂನಿನಿಂದ ಹೊರಬಂದ ದಿನ ಇದ್ದ ಕಾಂತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ಮತ್ತೆ ಅಲ್ಲಿಗೇ ಹೋಗಬೇಕು. ಮತ್ತೆ ಹಣ ತೆರಬೇಕು. ಇಲ್ಲವೆ ‘ಬಣ್ಣವನ್ನು ಕಾಪಾಡುವ’ ಶಾಂಪೂ ಎಂದು ಹೆಸರಿಟ್ಟ ದುಬಾರಿ ಸೀಸೆಯೊಂದನ್ನು ಕೊಳ್ಳಬೇಕು.

ಇದು ವಿಜ್ಞಾನ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಪ್ರಕೃತಿಯ ನಿಯಮಗಳು ದೊಡ್ಡ ವಿಷಯ, ಸಣ್ಣ ವಿಷಯ ಎಂಬ ಭೇದವನ್ನು ಎಣಿಸುವುದಿಲ್ಲ. ನಕ್ಷತ್ರದ ಬೆಳಕಿಗೆ ಅನ್ವಯಿಸುವ ನಿಯಮವೇ ನಮ್ಮ ತಲೆಯ ಮೇಲೆ ಬೀಳುವ ಬಿಸಿಲಿಗೂ ಅನ್ವಯಿಸುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಮಾಸಿತೆಂದು ಇಡೀ ಕೂದಲಿಗೆ ಮತ್ತೆ ಮತ್ತೆ ಬಣ್ಣ ಹಚ್ಚುವುದೇ ಅದು ಬೇಗ ಮಾಸುವುದಕ್ಕೆ ಒಂದು ಮುಖ್ಯ ಕಾರಣ. ಬಣ್ಣವನ್ನು ಹೆಚ್ಚು ಕಾಲ ಉಳಿಸುವ ಉಪಾಯಗಳಲ್ಲಿ ಬಹುಪಾಲು ಕಾಸು ಖರ್ಚಿಲ್ಲದವು. ಅವುಗಳನ್ನು ತಿಳಿದುಕೊಂಡರೆ ಉಳಿಯುವುದು ಹಣವಷ್ಟೇ ಅಲ್ಲ, ಚರ್ಮದ ಆರೋಗ್ಯವೂ ಉಳಿಯುತ್ತದೆ.

ಬಣ್ಣ ಹೇಗೆ ಹೋಗುತ್ತದೆಂದು ತಿಳಿಯಬೇಕಾದರೆ ಅದು ಹೇಗೆ ಸೇರಿತೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಕೂದಲೆಳೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ ಇರುತ್ತದೆ. ಇಷ್ಟು ತೆಳುವಾದ ಎಳೆಯಲ್ಲಿಯೂ ಒಂದು ವ್ಯವಸ್ಥಿತ ರಚನೆಯಿದೆ. ಹೊರಗೆ ಪೊರೆ, ಒಳಗೆ ದಿಂಡು. ಹೊರಪೊರೆಯು ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದೆದುಕೊಂಡ ಚಪ್ಪಟೆ ಹುರುಪೆಗಳಿಂದಾದುದು. ಹಂಚುಗಳ ಅಂಚು ಮಾಡಿನ ಇಳಿಜಾರಿನ ಕಡೆಗಿರುವಂತೆ ಈ ಹುರುಪೆಗಳ ಅಂಚು ಕೂದಲಿನ ತುದಿಯ ಕಡೆಗಿರುತ್ತದೆ. ಅವುಗಳ ಮೇಲೆ ನೀರನ್ನು ದೂರವಿಡುವ ಕೊಬ್ಬಿನ ಅತಿ ತೆಳುವಾದ ಲೇಪವೊಂದಿದೆ. ಒಳಗಣ ದಿಂಡು ಕೆರಟಿನ್ ಎಂಬ ಪ್ರೋಟೀನಿನ ನಾರುಗಳಿಂದ ಹೆಣೆದುದು. ಕೂದಲಿನ ಸಹಜ ಕಪ್ಪಿಗೆ ಕಾರಣವಾದ ಮೆಲನಿನ್ ಕಣಗಳು ಅದರೊಳಗೆ ಹುದುಗಿವೆ. ಇವೆಲ್ಲವೂ ನಿರ್ಜೀವ. ಚರ್ಮದಿಂದ ಹೊರಬಂದ ಕೂದಲಿನಲ್ಲಿ ಜೀವಕೋಶವಿಲ್ಲ, ರಕ್ತವಿಲ್ಲ. ಆದುದರಿಂದ ಒಮ್ಮೆ ಮುರಿದ ಹಂಚನ್ನು ಕೂದಲು ತಾನಾಗಿ ಸರಿಪಡಿಸಿಕೊಳ್ಳಲಾರದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಕೃತಕ ಬಣ್ಣಗಳ ಚರಿತ್ರೆ 1856ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತೆನ್ನಬಹುದು. ಹದಿನೆಂಟು ವರ್ಷದ ವಿದ್ಯಾರ್ಥಿ ವಿಲಿಯಂ ಪರ್ಕಿನ್ ಮಲೇರಿಯಕ್ಕೆ ಔಷಧವಾದ ಕ್ವಿನೈನನ್ನು ತಯಾರಿಸಲು ಹೊರಟು, ಅದಕ್ಕೆ ಬದಲಾಗಿ ಒಂದು ಊದಾ ಬಣ್ಣವನ್ನು ಕಂಡುಹಿಡಿದನು. ಅವನ ಗುರು ಹಾಫ್‌ಮನ್, ಮುಂದೆ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ವಸ್ತುವನ್ನು ಕುರಿತು ಸಂಶೋಧನೆ ನಡೆಸಿದನು. ಈ ವಸ್ತುವಿಗೆ ತನ್ನದೇ ಆದ ಗಾಢ ಬಣ್ಣವಿಲ್ಲ. ಆಮ್ಲಜನಕದೊಡನೆ ಸೇರಿ ಉತ್ಕರ್ಷಣಗೊಂಡಾಗ ಅದು ಕಂದು ಕಪ್ಪು ಬಣ್ಣಗಳನ್ನು ಕೊಡುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶ್ಯೂಲರ್ 1907ರಲ್ಲಿ ಕೂದಲಿಗೆ ಹಚ್ಚುವ ಕೃತಕ ಬಣ್ಣವನ್ನು ತಯಾರಿಸಿ ಪ್ಯಾರಿಸ್ಸಿನ ಕೇಶಾಲಂಕಾರಿಗಳಿಗೆ ಮಾರತೊಡಗಿದನು. ಸಲೂನುಗಳಲ್ಲಿ ಇಂದು ‘ಶಾಶ್ವತ’ ಎಂದು ಕರೆಯುವ ಬಣ್ಣಗಳಲ್ಲಿ ಬಹುಮಟ್ಟಿಗೆ ಈ ಬಗೆಯ ಉತ್ಕರ್ಷಣ ಕ್ರಿಯೆಯೇ ನಡೆಯುತ್ತದೆ.

ಆ ಕ್ರಿಯೆ ಹೀಗೆ. ಬಣ್ಣದ ಮಿಶ್ರಣದಲ್ಲಿರುವ ಅಮೋನಿಯ ಅಥವಾ ಅಂಥದೇ ಇನ್ನೊಂದು ಕ್ಷಾರವು ಕೂದಲನ್ನು ಉಬ್ಬಿಸಿ ಹಂಚುಗಳನ್ನು ಸಡಿಲಿಸುತ್ತದೆ. ಬಣ್ಣವಿಲ್ಲದ ಪುಟ್ಟ ಅಣುಗಳು ಆ ಸಂದಿಗಳಿಂದ ಒಳದಿಂಡನ್ನು ಹೊಗುತ್ತವೆ. ಹೈಡ್ರೋಜನ್ ಪೆರಾಕ್ಸೈಡು ಒಂದು ಕಡೆ ಮೆಲನಿನ್ನನ್ನು ಬಿಳುಪುಗೊಳಿಸುತ್ತ ಇನ್ನೊಂದು ಕಡೆ ಈ ಪುಟ್ಟ ಅಣುಗಳನ್ನು ಪರಸ್ಪರ ಜೋಡಿಸುತ್ತದೆ. ಜೋಡಣೆಗೊಂಡ ಅಣು ಬಣ್ಣದ್ದು, ಗಾತ್ರದಲ್ಲಿ ದೊಡ್ಡದು. ಒಳಗೆ ಬಂದ ದಾರಿಯಲ್ಲಿ ಅದು ಸುಲಭವಾಗಿ ಹೊರಹೋಗಲಾರದು. ಕಿಟಕಿಯ ಸರಳುಗಳ ನಡುವೆ ಬಿಡಿ ಕೊಡೆಕಡ್ಡಿಗಳನ್ನು ತೂರಿಸಿ, ಒಳಗೆ ಅವುಗಳಿಂದ ಕೊಡೆ ಕಟ್ಟಿ ಬಿಚ್ಚಿಟ್ಟಂತೆ ಇದು. ನೀಲಿ, ಹಸಿರು, ಗುಲಾಬಿಯಂಥ ಬೆಡಗಿನ ಬಣ್ಣಗಳ ವಿಷಯ ಬೇರೆ. ಅವು ಸಾಮಾನ್ಯವಾಗಿ ಮೊದಲೇ ಬಣ್ಣವುಳ್ಳ ಅಣುಗಳು. ಒಳಗೆ ಹೋಗಿ ಯಾವ ಜೋಡಣೆಯನ್ನೂ ಹೊಂದದೆ ಹಾಗೆಯೇ ತಂಗಿರುತ್ತವೆ. ಹೀಗಾಗಿ ಹತ್ತಾರು ತೊಳೆತಗಳಲ್ಲಿ ಅವು ಹೊರಟುಹೋಗುವುದು ಆಶ್ಚರ್ಯವಲ್ಲ. ಹಚ್ಚಿಸಿಕೊಳ್ಳುವ ಮುನ್ನ ಇವೆರಡರಲ್ಲಿ ಯಾವ ಬಗೆಯೆಂದು ಕೇಳಿ ತಿಳಿದುಕೊಳ್ಳುವುದೇ ಬಾಳಿಕೆಯ ಮೊದಲ ಪಾಠ.

ಇನ್ನು ಬಣ್ಣ ಹೊರಹೋಗುವ ಬಗೆಯನ್ನು ನೋಡೋಣ. ಜನರು ತಪ್ಪನ್ನೆಲ್ಲ ಶಾಂಪೂವಿನ ಮೇಲೆ ಹೊರಿಸುತ್ತಾರೆ. ನಿಜವಾದ ದೊಡ್ಡ ಅಪರಾಧಿ ನೀರು. ಕೂದಲನ್ನು ನೀರಿನಲ್ಲಿ ಅದ್ದಿದರೆ ಅದು ತನ್ನ ತೂಕದ ಶೇಕಡ 30ರಷ್ಟು ನೀರನ್ನು ಹೀರಬಲ್ಲದು. ಆಗ ಅದರ ಅಡ್ಡಳತೆ ಶೇಕಡ 15ರ ಸುಮಾರಿಗೆ ಹಿಗ್ಗುತ್ತದೆ. ಉದ್ದ ಮಾತ್ರ ಶೇಕಡ ಒಂದೆರಡಕ್ಕಿಂತ ಹೆಚ್ಚು ಬೆಳೆಯದು. ಹಿಗ್ಗಿದ ಎಳೆಯಲ್ಲಿ ಹಂಚುಗಳು ಸಡಿಲಗೊಳ್ಳುತ್ತವೆ, ನಾರುಗಳ ನಡುವಣ ಸಂದುಗಳು ಅಗಲವಾಗುತ್ತವೆ. ಒಳಗೆ ಬಣ್ಣದ ಸಾಂದ್ರತೆ ಹೆಚ್ಚು, ಹೊರಗಿನ ನೀರಿನಲ್ಲಿ ಸೊನ್ನೆ. ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಅಣುಗಳು ಹರಡಿಕೊಳ್ಳುವುದೇ ವಿಸರಣ. ಅಗರಬತ್ತಿಯ ಪರಿಮಳ ಕೋಣೆಯನ್ನು ತುಂಬುವುದರಲ್ಲಿ ಇದಕ್ಕೂ ಪಾತ್ರವುಂಟು. ಉಷ್ಣತೆ ಏರಿದಂತೆ ಅಣುಗಳ ಚಲನೆಯೂ ವಿಸರಣದ ವೇಗವೂ ಏರುತ್ತವೆ. ಹಂಡೆಯ ಸುಡುನೀರನ್ನು ತಲೆಗೆ ಹೊಯ್ದುಕೊಳ್ಳುವುದಕ್ಕಿಂತ ಉಗುರುಬೆಚ್ಚಗಿನ ನೀರೋ ತಣ್ಣೀರೋ ಮೇಲೆಂಬ ಸಲಹೆಗೆ ಇದೇ ಆಧಾರ.

ತೊಳೆಯುವ ಸಂಖ್ಯೆಯ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರತಿ ತೊಳೆತದಲ್ಲಿ ಉಳಿದಿರುವ ಬಣ್ಣದ ಶೇಕಡ 3ರಷ್ಟು ಹೋಗುತ್ತದೆಂದು ಭಾವಿಸೋಣ. ಈ ಸಂಖ್ಯೆ ಲೆಕ್ಕಕ್ಕಾಗಿ ಕಲ್ಪಿಸಿಕೊಂಡದ್ದು. ನಿಜವಾದ ಬೆಲೆ ಕೂದಲು ಮತ್ತು ಬಣ್ಣಗಳನ್ನು ಅವಲಂಬಿಸಿ ಬೇರೆಯಾದೀತು. ದಿನಕ್ಕೊಮ್ಮೆಯಂತೆ ತಿಂಗಳಿಗೆ 30 ಬಾರಿ ತೊಳೆದವರಲ್ಲಿ ಕೊನೆಗೆ ಉಳಿಯುವುದು ಶೇಕಡ 40. ವಾರಕ್ಕೆರಡು ಬಾರಿಯಂತೆ 8 ಸಲ ತೊಳೆದವರಲ್ಲಿ ಉಳಿಯುವುದು ಶೇಕಡ 78. ಈಗ ಮೊದಲನೆಯವರು ಒಂದು ದುಬಾರಿ ಶಾಂಪೂ ಕೊಂಡು, ಪ್ರತಿ ಸಲದ ನಷ್ಟವನ್ನು ಶೇಕಡ 3ರಿಂದ 2ಕ್ಕೆ ಇಳಿಸಿದರೆನ್ನಿ. ಆದರೂ ದಿನವೂ ತೊಳೆದರೆ ತಿಂಗಳ ಕೊನೆಗೆ ಉಳಿಯುವುದು ಶೇಕಡ 55 ಮಾತ್ರ! ಸೀಸೆಯನ್ನು ಬದಲಿಸಿದುದರಿಂದ ಆಗದ ಕೆಲಸ ಸಂಖ್ಯೆಯನ್ನು ತಗ್ಗಿಸಿದುದರಿಂದ ಆಯಿತು. ವಿಕಿರಣಶೀಲ ಧಾತುಗಳ ಕ್ಷಯವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಪರಿಚಿತ ನಿಯಮವೇ ಆಗಿದೆ.

ನಮ್ಮ ಕರಾವಳಿಯ ಸೆಕೆಯಲ್ಲಿ ದಿನವೂ ತಲೆಗೆ ಸ್ನಾನ ಮಾಡದೆ ಇರುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದು. ಬೆವರು, ಜಿಡ್ಡು ಹುಟ್ಟುವುದು ನೆತ್ತಿಯ ಚರ್ಮದಲ್ಲಿ. ಶುಚಿ ಬೇಕಾದುದೂ ಮುಖ್ಯವಾಗಿ ಅಲ್ಲಿಗೇ. ಉದ್ದ ಕೂದಲಿನವರು ಉಳಿದ ಭಾಗವನ್ನು ಕಟ್ಟಿ ಪ್ಲಾಸ್ಟಿಕ್ ಟೊಪ್ಪಿಗೆಯಿಂದ ಮುಚ್ಚಿ, ನೆತ್ತಿಯನ್ನಷ್ಟೆ ತೊಳೆಯಬಹುದು. ಬಣ್ಣಕ್ಕಾಗಿ ಶುಚಿತ್ವವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೇಕಾದಲ್ಲಿ ಮಾತ್ರ ನೀರನ್ನು ಬಳಸಬೇಕೆನ್ನುತ್ತೇನೆ.

ಹಾಗಾದರೆ ಶಾಂಪೂವಿನಲ್ಲಿ ಭೇದವೇ ಇಲ್ಲವೆ? ಇದೆ, ಆದರೆ ಜಾಹೀರಾತು ಸಾರುವಷ್ಟಿಲ್ಲ. ಸ್ನಾನದ ಸಾಬೂನು ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಬೆಲೆ ಸಾಮಾನ್ಯವಾಗಿ 9ರಿಂದ 10. ಕ್ಷಾರದಲ್ಲಿ ಕೂದಲು ಇನ್ನಷ್ಟು ಉಬ್ಬುತ್ತದೆ. ಬೋರ್‌ವೆಲ್ಲಿನ ಗಡಸುನೀರಾದರೆ ಸಾಬೂನು ಅದರಲ್ಲಿನ ಕ್ಯಾಲ್ಸಿಯಂ ಲವಣಗಳೊಡನೆ ಸೇರಿ ಬಿಳಿಯ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಬಣ್ಣ ಇದ್ದರೂ ಮಂಕಾಗಿ ಕಾಣುತ್ತದೆ. ಆದುದರಿಂದ ಬಣ್ಣದ ತಲೆಗೆ ಸಾಬೂನು ಸಲ್ಲದು. ತುಸು ಆಮ್ಲಗುಣವುಳ್ಳ ಸೌಮ್ಯವಾದ ಯಾವ ಶಾಂಪೂವಾದರೂ ಸಾಕು. ತೊಳೆದ ಮೇಲೆ ಹಚ್ಚುವ ಕಂಡೀಷನರಿಗೆ ಮಾತ್ರ ಒಳ್ಳೆಯ ಕಾರಣವಿದೆ. ಬಣ್ಣ ಹಾಕಿ ಸವೆದ ಕೂದಲಿನ ಮೈ ನೀರಿನಲ್ಲಿ ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಕಂಡೀಷನರಿನ ಅಣುಗಳು ಧನ ವಿದ್ಯುದಂಶವುಳ್ಳವು. ವಿಜಾತಿಯ ಅಂಶಗಳು ಪರಸ್ಪರ ಆಕರ್ಷಿಸುತ್ತವೆಂಬುದನ್ನು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ಈ ಅಣುಗಳು ಕೂದಲಿಗೆ ಅಂಟಿ ಎಳೆಗಳ ತಿಕ್ಕಾಟವನ್ನು ತಗ್ಗಿಸುತ್ತವೆ, ಹಂಚುಗಳು ಕಿತ್ತುಬರುವುದನ್ನು ಕಡಿಮೆ ಮಾಡುತ್ತವೆ.

ಇಲ್ಲಿ ನಮ್ಮ ಮನೆಯ ಕೊಬ್ಬರಿ ಎಣ್ಣೆಯನ್ನೂ ನೆನೆಯಬೇಕು. ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನಿಂದ ಪ್ರೋಟೀನು ಕಡಿಮೆ ನಷ್ಟವಾಗುತ್ತದೆಂದೂ, ಖನಿಜ ತೈಲಕ್ಕಾಗಲಿ ಸೂರ್ಯಕಾಂತಿ ಎಣ್ಣೆಗಾಗಲಿ ಈ ಗುಣವಿಲ್ಲವೆಂದೂ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಕೊಬ್ಬರಿ ಎಣ್ಣೆಯ ಮುಖ್ಯ ಅಂಶವಾದ ಲಾರಿಕ್ ಆಮ್ಲದ ಸರಪಳಿ ಗಿಡ್ಡ ಮತ್ತು ನೇರ. ಅದು ಕೂದಲಿನ ಒಳಹೊಗಬಲ್ಲದು. ಅವರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಗೆ ಸೇರಿದವರೆಂಬುದನ್ನು ಮರೆಯದೆ ಓದಬೇಕು. ಆದರೆ ಅವರು ಕೊಟ್ಟ ವಿವರಣೆ ಸಮಂಜಸವಾಗಿದೆ. ನೀರಿಗಿಂತ ಮೊದಲೇ ಎಣ್ಣೆ ಒಳಹೊಕ್ಕರೆ ಕೂದಲು ಉಬ್ಬುವುದು ತಗ್ಗುತ್ತದೆ. ಉಬ್ಬುವುದು ತಗ್ಗಿದರೆ ಕೂದಲಿನ ಸವೆತವೂ ತಗ್ಗಬೇಕು.

ನೀರಿನ ಬಳಿಕ ಬೆಳಕು. ಅಂಗಡಿಯ ಮುಂದೆ ತೂಗುಹಾಕಿದ ಬಟ್ಟೆ ಬಿಸಿಲು ಬೀಳುವ ಮಗ್ಗುಲಲ್ಲಿ ಬಿಳಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಬೆಳಕಿನ ಪ್ರತಿ ಕಣದ ಶಕ್ತಿಯೂ ಅದರ ತರಂಗಾಂತರಕ್ಕೆ ವಿಲೋಮವಾಗಿರುತ್ತದೆ. 650 ನ್ಯಾನೊಮೀಟರಿನ ಕೆಂಪು ಬೆಳಕಿನ ಕಣಕ್ಕೆ 1.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ, 300 ನ್ಯಾನೊಮೀಟರಿನ ನೇರಿಳಾತೀತ ಕಣಕ್ಕೆ 4.1. ಇಂಗಾಲದ ಎರಡು ಪರಮಾಣುಗಳ ಸಾಮಾನ್ಯ ಬಂಧವನ್ನು ಮುರಿಯಲು ಬೇಕಾದುದು ಸುಮಾರು 3.6. ಲೆಕ್ಕ ಸ್ಪಷ್ಟವಾಗಿದೆ. ನೇರಿಳಾತೀತ ಕಿರಣಕ್ಕೆ ಬಣ್ಣದ ಅಣುವನ್ನು ಮಾತ್ರವಲ್ಲ, ಕೆರಟಿನ್ನನ್ನೂ ಘಾಸಿಗೊಳಿಸುವ ತ್ರಾಣವಿದೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಈ ಕಿರಣಗಳು ಹೆಚ್ಚುವುದರಿಂದ, 900 ಮೀಟರಿಗೂ ಮಿಕ್ಕಿದ ಎತ್ತರದ ಬೆಂಗಳೂರಿನ ತಂಪು ಹವೆಯನ್ನು ನಂಬಿ ಬಿಸಿಲನ್ನು ಲಘುವಾಗಿ ಎಣಿಸಬಾರದು. ಕೊಡೆ, ಸೆರಗು, ಟೊಪ್ಪಿಗೆ, ಸ್ಕೂಟರಿನವರಿಗೆ ಹೆಲ್ಮೆಟ್ಟು – ಇವೇ ಬಣ್ಣ ಕಾಯುವ ಅತ್ಯುತ್ತಮ ಸಾಧನಗಳು. ಈಜುವವರು ಕೊಳಕ್ಕಿಳಿಯುವ ಮುನ್ನ ಟೊಪ್ಪಿಗೆ ಧರಿಸಬೇಕು. ಕೊಳದ ನೀರಿನಲ್ಲಿ ಬೆರೆಸುವ ಕ್ಲೋರಿನ್ನೂ ಉತ್ಕರ್ಷಣಕಾರಿಯೇ. ಕೂದಲನ್ನು ನೇರಮಾಡುವ ಕಾದ ಇಸ್ತ್ರಿಯ ಉಷ್ಣತೆ 200 ಡಿಗ್ರಿಯನ್ನು ಮುಟ್ಟುವುದುಂಟು. ಅದನ್ನು ಒದ್ದೆ ಕೂದಲಿಗೆ ತಾಗಿಸಿದರೆ ಒಳಗಣ ನೀರು ಆವಿಯಾಗಿ ಎಳೆಯಲ್ಲಿಯೇ ಗುಳ್ಳೆಗಳೇಳುತ್ತವೆ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಬಣ್ಣ ಮಾಸಿತೆಂದು ಬುಡದಿಂದ ತುದಿಯವರೆಗೆ ಮತ್ತೆ ಬಣ್ಣ ಹಚ್ಚಿದರೆ ಏನಾಗುತ್ತದೆ? ಕ್ಷಾರವೂ ಪೆರಾಕ್ಸೈಡೂ ಹಂಚುಗಳ ಮೇಲಿನ ಕೊಬ್ಬಿನ ಲೇಪವನ್ನು ಕಿತ್ತುಹಾಕುತ್ತವೆ. ಅದುವರೆಗೆ ನೀರನ್ನು ದೂರವಿಡುತ್ತಿದ್ದ ಕೂದಲು ಈಗ ನೀರನ್ನು ಬರಮಾಡಿಕೊಳ್ಳುತ್ತದೆ. ಮೊದಲಿಗಿಂತ ಬೇಗ ನೆನೆಯುತ್ತದೆ, ಹೆಚ್ಚು ಉಬ್ಬುತ್ತದೆ. ಹೊಸ ಬಣ್ಣ ಹಳೆಯದಕ್ಕಿಂತ ಬೇಗ ಸೋರಿಹೋಗುತ್ತದೆ. ಬೇಗ ಹೋಯಿತೆಂದು ಇನ್ನೊಮ್ಮೆ ಹಚ್ಚಿದರೆ ಇನ್ನೂ ಬೇಗ. ಮಾಡು ಸೋರುತ್ತದೆಂದು ಅದರ ಮೇಲೆ ಹತ್ತಿ ಓಡಾಡಿ, ಇನ್ನಷ್ಟು ಹಂಚುಗಳನ್ನು ಒಡೆದಂತೆ ಇದು. ಆದುದರಿಂದ ಎರಡನೆಯ ಬಾರಿ ಹೋದಾಗ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಬಣ್ಣ ಹಚ್ಚಿರೆಂದು ಕೇಳುವುದು ವಿವೇಕ. ಪೆರಾಕ್ಸೈಡಿನ ಸೀಸೆಯ ಮೇಲೆ 20, 30, 40 ಎಂಬ ಅಂಕಿಗಳಿರುತ್ತವೆ. 20 ಎಂದರೆ ಒಂದು ಲೀಟರ್ ದ್ರಾವಣ 20 ಲೀಟರ್ ಆಮ್ಲಜನಕವನ್ನು ಬಿಡಬಲ್ಲದೆಂದರ್ಥ. ಅದು ಸುಮಾರು ಶೇಕಡ 6ರ ದ್ರಾವಣ. 40 ಅದರ ಇಮ್ಮಡಿ. ಅಂಕಿ ದೊಡ್ಡದಾದಷ್ಟೂ ಕೂದಲು ತಿಳಿಯಾಗುತ್ತದೆ, ಹಾನಿಯೂ ಬೆಳೆಯುತ್ತದೆ. ಕಪ್ಪು ಕೂದಲನ್ನು ಹೊಂಬಣ್ಣಕ್ಕೆ ತರುವ ಹಂಬಲಕ್ಕೆ ಇಷ್ಟು ಬೆಲೆಯುಂಟು.

ಇನ್ನೊಂದು ಗಡಿಯಾರವನ್ನು ಯಾರೂ ನಿಲ್ಲಿಸಲಾರರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಣ್ಣ ಎಷ್ಟೇ ಗಟ್ಟಿಯಾಗಿ ನಿಂತರೂ ಆರು ವಾರಗಳಲ್ಲಿ ಬುಡದಲ್ಲಿ ಒಂದೂವರೆ ಸೆಂಟಿಮೀಟರಿನ ಸಹಜ ವರ್ಣ ಕಾಣಿಸಿಕೊಂಡೇ ತೀರುತ್ತದೆ. ಇದಕ್ಕೆ ಔಷಧವಿಲ್ಲ, ಉಪಾಯವುಂಟು. ತನ್ನ ಸಹಜ ವರ್ಣಕ್ಕೆ ಒಂದೆರಡು ಛಾಯೆಗಳಷ್ಟೇ ದೂರದ ಬಣ್ಣವನ್ನು ಆರಿಸಿಕೊಂಡರೆ, ಬುಡಕ್ಕೂ ಉಳಿದುದಕ್ಕೂ ನಡುವೆ ಗೆರೆ ಎದ್ದು ಕಾಣದು. ಹೀಗೆ ಆರಿಸಿಕೊಂಡವರು ಸಲೂನಿಗೆ ಹೋಗುವ ಅಂತರವನ್ನು ನಿಶ್ಚಿಂತೆಯಿಂದ ಹೆಚ್ಚಿಸಬಹುದು.

ಈ ಅಂತರಕ್ಕೆ ಇಷ್ಟೇಕೆ ಒತ್ತು ಕೊಡುತ್ತಿದ್ದೇನೆಂದರೆ, ವಿಷಯ ಅಂದಚೆಂದದಲ್ಲಿ ಮುಗಿಯುವುದಿಲ್ಲ. ಮೇಲೆ ಹೆಸರಿಸಿದ ಪ್ಯಾರಾ-ಫಿನೈಲೀನ್‌ಡೈಅಮೀನ್ ಚರ್ಮದ ಅಲರ್ಜಿಗೆ ಕುಖ್ಯಾತವಾದ ವಸ್ತು. ಹತ್ತು ಬಾರಿ ಏನೂ ಆಗದಿದ್ದವರಿಗೆ ಹನ್ನೊಂದನೆಯ ಬಾರಿ ನೆತ್ತಿ ಉರಿದು, ಕಣ್ಣುರೆಪ್ಪೆ ಮುಖಗಳು ಬಾತುಕೊಳ್ಳಬಹುದು. ಒಮ್ಮೆ ಚರ್ಮ ಈ ವಸ್ತುವನ್ನು ವೈರಿಯೆಂದು ಗುರುತಿಸಿಕೊಂಡರೆ ಆ ನೆನಪು ಸಾಮಾನ್ಯವಾಗಿ ಜೀವಾವಧಿ ಉಳಿಯುತ್ತದೆ. ಆದುದರಿಂದ ಪ್ರತಿ ಬಾರಿ ಹಚ್ಚುವುದಕ್ಕೆ 48 ಗಂಟೆಗಳ ಮೊದಲು ಸೂಚನಾಪತ್ರದಲ್ಲಿ ಹೇಳಿದಂತೆ ಚರ್ಮದ ಮೇಲೆ ತುಸು ಹಚ್ಚಿ ಪರೀಕ್ಷಿಸಬೇಕು. ಹುಬ್ಬಿಗೂ ರೆಪ್ಪೆಗೂ ಎಂದೂ ಹಚ್ಚಬಾರದು. ‘ಅಮೋನಿಯರಹಿತ’ ಎಂಬ ಮಾತಿಗೆ ಮರುಳಾಗಬೇಡಿರಿ. ಅಲ್ಲಿ ಬೇರೊಂದು ಕ್ಷಾರವಿರುವುದುಂಟು, ಅಲರ್ಜಿಯ ವಸ್ತು ಹಾಗೆಯೇ ಇರಬಹುದು. ಮದರಂಗಿಯ ಎಲೆ ಕೊಡುವುದು ಕಿತ್ತಳೆ ಕೆಂಪನ್ನು ಮಾತ್ರ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿ ಕೆಲವೇ ನಿಮಿಷಗಳಲ್ಲಿ ಕಡುಗಪ್ಪನ್ನು ಕೊಟ್ಟರೆ, ಆ ಕಪ್ಪು ಎಲೆಯದಲ್ಲ, ಬಹುಶಃ ಇದೇ ರಾಸಾಯನಿಕದ್ದು. ಇಂಥ ವಸ್ತುವನ್ನು ವರ್ಷಕ್ಕೆ ಹನ್ನೆರಡು ಬಾರಿ ತಲೆಗೆ ತಾಗಿಸುವುದಕ್ಕೂ ಆರು ಬಾರಿ ತಾಗಿಸುವುದಕ್ಕೂ ವ್ಯತ್ಯಾಸವಿಲ್ಲವೆ?

ನನ್ನ ಮಾತನ್ನಾಗಲಿ ಜಾಹೀರಾತನ್ನಾಗಲಿ ಹಾಗೆಯೇ ನಂಬಬೇಕಾದುದಿಲ್ಲ. ಸಲೂನಿನಲ್ಲಿ ಕತ್ತರಿಸಿದ ಬಣ್ಣದ ಕೂದಲಿನ ತುದಿಗಳನ್ನು ತಂದು ನಾಲ್ಕು ಸಮನಾದ ಕಟ್ಟುಗಳನ್ನು ಮಾಡಿರಿ. ಒಂದನ್ನು ಹಾಗೆಯೇ ಕತ್ತಲೆಯಲ್ಲಿಡಿರಿ. ಒಂದನ್ನು ತಣ್ಣೀರಿನಲ್ಲಿ, ಒಂದನ್ನು ಸ್ನಾನದ ಬಿಸಿನೀರಿನಲ್ಲಿ, ಒಂದನ್ನು ತಣ್ಣನೆಯ ಸಾಬೂನುನೀರಿನಲ್ಲಿ ದಿನವೂ ಹತ್ತು ನಿಮಿಷ ನೆನೆಯಿಸಿ ನೆರಳಿನಲ್ಲಿ ಒಣಗಿಸಿರಿ. ಐದನೆಯ ಕಟ್ಟೊಂದನ್ನು ರಟ್ಟಿಗೆ ಅಂಟಿಸಿ, ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಡೆ ಮಳೆಗೆ ಸಿಗದಂತೆ ಇಡಿರಿ. ತಿಂಗಳಾದ ಮೇಲೆ ಎಲ್ಲವನ್ನೂ ಬಿಳಿಯ ಹಾಳೆಯ ಮೇಲೆ ಸಾಲಾಗಿ ಇಟ್ಟು ನೋಡಿರಿ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಬದಲಿಸದ ಒಂದನ್ನು ಹೋಲಿಕೆಗೆ ಉಳಿಸಿಕೊಳ್ಳುವುದು ಪ್ರಯೋಗವಿಜ್ಞಾನದ ಪ್ರಾಣ. ‘ಬಣ್ಣ ಹೆಚ್ಚು ಬಾಳುತ್ತದೆ’ ಎಂದು ಸೀಸೆಯ ಮೇಲೆ ಅಚ್ಚುಮಾಡಿದವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ: ಯಾವುದಕ್ಕಿಂತ ಹೆಚ್ಚು? ಬರಿಯ ನೀರಿನಲ್ಲಿ ತೊಳೆದುದಕ್ಕಿಂತಲೋ, ಸಾಬೂನಿನಲ್ಲಿ ತೊಳೆದುದಕ್ಕಿಂತಲೋ?

ಕೂದಲಿಗೆ ಬಣ್ಣ ಹಚ್ಚುವುದು ಸರಿಯೋ ತಪ್ಪೋ ಎಂಬುದು ಅವರವರ ಅಭಿರುಚಿಗೆ ಬಿಟ್ಟ ಮಾತು. ಭೌತಶಾಸ್ತ್ರಕ್ಕೆ ಅದರಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೆ ಹಚ್ಚಿಸಿಕೊಳ್ಳುವವರು ತಿಳಿದು ಹಚ್ಚಿಸಿಕೊಳ್ಳಲಿ. ಕಡಿಮೆ ಸಲ ತೊಳೆಯುವುದು, ತಣ್ಣೀರು, ನೆರಳು, ಬುಡಕ್ಕಷ್ಟೇ ಮರುಬಣ್ಣ, ಸಹಜಕ್ಕೆ ಸಮೀಪದ ಛಾಯೆ – ಇವು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ಮಾರುವವರಿಲ್ಲದ ಕಾರಣದಿಂದಲೇ ಇವುಗಳಿಗೆ ಜಾಹೀರಾತೂ ಇಲ್ಲ. ಅವುಗಳ ಪರವಾಗಿ ಮಾತನಾಡುವ ಹೊಣೆ ವಿಜ್ಞಾನವನ್ನು ಓದಿದ ನಮ್ಮದು.